ಮಂಡ್ಯದ ಪಿನ್‌ಕೋಡ್ ಒಡೆದು ನೋಡೋಣ ಬನ್ನಿ

ಮನೆ ಗೃಹಪ್ರವೇಶದ ಪತ್ರಿಕೆಗಳಿಗೆ ವಿಳಾಸ ಬರೆಯುತ್ತಾ ಕೂತಿದ್ದೆ. ಮಂಡ್ಯದ ನೆಂಟರೇ ಜಾಸ್ತಿ. ಇಪ್ಪತ್ತನೇ ಕವರಿನ ಹೊತ್ತಿಗೆ 571401 ತಲೆಯಲ್ಲಿ ಕೂತುಬಿಟ್ಟಿತು. ಇದು ಯಾವ ಯಾವ ಸಂಖ್ಯೆಗಳ ಗುಣಲಬ್ಧ? ಕ್ಯಾಲ್ಕುಲೇಟರ್ ಮುಟ್ಟದೆ ಕಂಡುಹಿಡಿಯಬಹುದು. ಹಾಳಾದ ಕವರೊಂದನ್ನು ಮಗುಚಿ ಹಾಕಿಕೊಳ್ಳಿ, ಸಾಕು.

ಕೊನೆಯ ಅಂಕಿ 1. ಹಾಗಾಗಿ 2, 5 ಎರಡೂ ಹೋದವು.

ಈಗ ಅಂಕಿಗಳನ್ನು ಕೂಡಿ: 5+7+1+4+0+1 = 18. ಹದಿನೆಂಟು 9ರ ಮಗ್ಗಿಯಲ್ಲಿದೆ, ಹಾಗಾಗಿ 571401 ಕೂಡ 9ರಿಂದ ಭಾಗವಾಗುತ್ತದೆ. ಕೂಡಿದರೆ ಹೇಗೆ ಗೊತ್ತಾಗುತ್ತದೆ ಅಂತೀರಾ? 10 ಅಂದರೆ 9+1, 100 ಅಂದರೆ 99+1. ಐದು ಲಕ್ಷವನ್ನು 9ರಿಂದ ಭಾಗಿಸಿದರೆ ಬರೀ 5 ಉಳಿಯುತ್ತದೆ, ಎಪ್ಪತ್ತು ಸಾವಿರದಲ್ಲಿ 7. ಅಂದರೆ ನಾವು ಕೂಡುತ್ತಿರುವುದು ಈ ಉಳಿಕೆಗಳನ್ನೇ.

ಭಾಗಿಸಿದರೆ 63489. ನಾನು ಇಲ್ಲೇ ನಿಲ್ಲಿಸಿ ಮುಂದಿನ ಪರೀಕ್ಷೆಗೆ ಹೊರಟಿದ್ದೆ. ಪಕ್ಕದಲ್ಲಿ ಕವರಿಗೆ ಅಂಟು ಹಚ್ಚುತ್ತಿದ್ದ ಮಗಳು, "ಅಪ್ಪಾ, ಇನ್ನೊಂದ್ಸಲ ಕೂಡು" ಅಂದಳು. ಕೂಡಿದರೆ 30! ಮೂರರಿಂದ ಮತ್ತೆ ಭಾಗವಾಯಿತು: 21163. ಇದರ ಅಂಕಿಗಳ ಮೊತ್ತ 13. ಮೂರರ ಕಥೆ ಅಲ್ಲಿಗೆ ಮುಗಿಯಿತು.

7, 11, 13 ಮೂರಕ್ಕೂ ಒಂದೇ ಉಪಾಯವಿದೆ. ಮೂರನ್ನೂ ಗುಣಿಸಿದರೆ 1001. ಸಾವಿರ ಅಂದರೆ 1001−1, ಹಾಗಾಗಿ 571 ಸಾವಿರ ಅಂದರೆ 1001ರ ಮಗ್ಗಿಗಿಂತ 571 ಕಡಿಮೆ. ಆದ್ದರಿಂದ ಮೂಲ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಮುರಿದು ಕಳೆಯಿರಿ: 571−401 = 170. ಈ 170 ಮೂರರಲ್ಲಿ ಯಾವುದಕ್ಕೂ ಬಗ್ಗುವುದಿಲ್ಲ. ಹಾಗಾದರೆ 571401 ಕೂಡ ಬಗ್ಗುವುದಿಲ್ಲ, ಅದರೊಳಗಿನ 21163 ಕೂಡ ಅಷ್ಟೇ.

ಇನ್ನು ಎಲ್ಲಿಯವರೆಗೆ ಹುಡುಕಬೇಕು? 21163ರವರೆಗೆ ಹೋದರೆ ಗೃಹಪ್ರವೇಶವೇ ಮುಗಿದುಹೋಗುತ್ತದೆ. ವರ್ಗಮೂಲದವರೆಗೆ ಹೋದರೆ ಸಾಕು. ಒಂದು ಸಂಖ್ಯೆ ಎರಡರ ಗುಣಲಬ್ಧವಾದರೆ, ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಲು ಸಾಧ್ಯವಿಲ್ಲ ಅಲ್ವಾ? 145ರ ವರ್ಗ 21025, 146ರದ್ದು 21316. ಅಂದರೆ 17ರಿಂದ 139ರವರೆಗಿನ ಅವಿಭಾಜ್ಯ ಸಂಖ್ಯೆಗಳು ಮಾತ್ರ ಬಾಕಿ, ಒಟ್ಟು 28. ಇಲ್ಲಿ ಅಡ್ಡದಾರಿಯಿಲ್ಲ, ಕೂತು ಭಾಗಿಸಲೇಬೇಕು. ಮೂವತ್ತೇಳರ ಹತ್ತಿರ ಎದೆ ಧಸಕ್ ಅಂದಿತು. 37×572 = 21164. ಒಂದೇ ಒಂದು ಜಾಸ್ತಿ! 83×255 ಅಂದರೆ 21165, ಎರಡು ಜಾಸ್ತಿ. ಕೊನೆಗೆ 139 ಕೂಡ 35 ಉಳಿಸಿ ಕೈಕೊಟ್ಟಿತು. 21163 ಅವಿಭಾಜ್ಯ.

ಹಾಗಾಗಿ 571401 = 3×3×3×21163. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಎಂಟೇ: 1, 3, 9, 27, ಆಮೇಲೆ ಈ ನಾಲ್ಕನ್ನೂ 21163ರಿಂದ ಗುಣಿಸಿದವು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟು ಕೆಲಸ. ಆದರೆ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ 600 ಅಂಕಿಯ ಸಂಖ್ಯೆ ಕೊಟ್ಟರೆ ಅದೂ ಒದ್ದಾಡುತ್ತದೆ. ಆರ್‌ಎಸ್‌ಎ ಎಂಬ ಗೂಢಲಿಪಿಯ ಬೀಗ ನಿಂತಿರುವುದೇ ಈ ಒದ್ದಾಟದ ಮೇಲೆ.

ಮಂಡ್ಯದ ಕವರುಗಳು ಮುಗಿದವು. ಇನ್ನು ಮೈಸೂರಿನ ಕಟ್ಟು, ಮೇಲಿನದರಲ್ಲೇ 570001. 19ರಿಂದ ಭಾಗಿಸಿ ನೋಡಿದೆ, ಶೇಷ 1. ಮಗಳು ಆಗಲೇ 23ಕ್ಕೆ ಹೋಗಿದ್ದಾಳೆ.