ಹೊಸಪೇಟೆಯ ಬೇಸಿಗೆಯಲ್ಲಿ ಅವ್ವನಿಗೆ ಓದಿ ಹೇಳಿದ್ದು

ಏಪ್ರಿಲ್‌ನಲ್ಲಿ ಅವ್ವನ ಬಲಗಣ್ಣಿನ ಪೊರೆ ತೆಗೆದರು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್. ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ, ಒಲೆ ಮುಂದೆ ನಿಲ್ಲುವಂತಿಲ್ಲ. ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಹೊಸಪೇಟೆಗೆ ಬಂದು ಐದು ವಾರ ಇದ್ದೆ. ಬೆಳಿಗ್ಗೆ ಬೇಗ ಕೂತು ಮೂರರೊಳಗೆ ಆಫೀಸಿನ ಕೆಲಸ ಮುಗಿಸುತ್ತಿದ್ದೆ. ಆಮೇಲೆ ಬಿಸಿಲು ಇಳಿಯುವವರೆಗೆ ಹೊರಗೆ ಕಾಲಿಡುವ ಮಾತೇ ಇಲ್ಲ. ಧಾರಾವಾಹಿ ನೋಡಬಾರದು ಎಂದು ಡಾಕ್ಟರು ಹೇಳಿರಲಿಲ್ಲ, ಅವ್ವನಿಗೇ ಬೇಸರ ಬಂದಿತ್ತು. 'ಏನರ ಓದಪಾ, ಕೇಳ್ತೀನಿ' ಅಂದಳು.

ಬ್ಯಾಗಿನಲ್ಲಿ ಇದ್ದದ್ದು ನನಗಾಗಿ ತಂದುಕೊಂಡ ಪುಸ್ತಕಗಳು. ಹತ್ತು ವರ್ಷದಿಂದ ಬೇಸಿಗೆಗೆ ಆತ್ಮಕಥೆ, ಜೀವನಚರಿತ್ರೆ ಅಂತ ಎತ್ತಿಟ್ಟುಕೊಳ್ಳುವ ಚಟ ನನ್ನದು. ಅವುಗಳ ಜೊತೆ ಕ್ವಿಯರ್ (ಸಲಿಂಗಪ್ರೇಮಿ, ಟ್ರಾನ್ಸ್ ಜನರ) ಬರವಣಿಗೆಯೂ ಇರುತ್ತದೆ, ಯಾಕೆಂದರೆ ಅದು ನನ್ನ ಬದುಕು. ಅವ್ವನಿಗೆ ನನ್ನ ವಿಷಯ 2018ರಿಂದ ಗೊತ್ತು. ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದ ವಾರವೇ ಹೇಳಿದ್ದೆ. ಕೇಳಿಸಿಕೊಂಡು, 'ಊಟ ಮಾಡು' ಅಂದಿದ್ದಳು. ಅದಾದ ಮೇಲೆ ಆ ಮಾತು ಮನೆಯಲ್ಲಿ ಎದ್ದಿಲ್ಲ.

ಮೊದಲ ತಪ್ಪು ನನ್ನದೇ. ಮನೆಯ ಕಪಾಟಿನಲ್ಲೇ ಇತ್ತೆಂದು ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಎತ್ತಿಕೊಂಡೆ. ಪ್ರೀತಿಯ ಪುಸ್ತಕ, ಆದರೆ ಸಾವಿರ ಪುಟಕ್ಕೂ ಮಿಕ್ಕಿದ್ದು. ವಾಕ್ಯಗಳು ಕಣ್ಣಿಗೆ ಬರೆದಂಥವು, ಉಸಿರು ಹಿಡಿಯಬೇಕು. ಮೂರನೇ ದಿನಕ್ಕೆ ಅವ್ವ ಗೊರಕೆ ಹೊಡೆದಳು. ನನಗೂ ಗಂಟಲು ಕಟ್ಟಿತ್ತು.

ಆಮೇಲೆ ತೆಗೆದದ್ದು ರಂಗನಿರ್ದೇಶಕ ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಕಾರಂತರು ಹೇಳಿದ್ದು, ವೈದೇಹಿ ಕೇಳಿ ಬರೆದದ್ದು. ಅಲ್ಲಿ ನನಗೊಂದು ಗುಟ್ಟು ಸಿಕ್ಕಿತು. ಬಾಯಲ್ಲಿ ಹುಟ್ಟಿದ ಪುಸ್ತಕ ಬಾಯಿಗೆ ಸಲೀಸಾಗಿ ಬರುತ್ತದೆ. ಮಂಚಿಯ ಹುಡುಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರುವುದು, ಮುಂದೆ ಕಂಪನಿಯ ಒಡೆಯ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸುವುದು, ಇದೆಲ್ಲ ಜಗಲಿಯ ಮೇಲೆ ಕೂತವರೊಬ್ಬರು ಹೇಳುತ್ತಿರುವ ಹಾಗೇ ಇದೆ. ಅವ್ವ ನಡುನಡುವೆ ತಾನು ಚಿಕ್ಕವಳಿದ್ದಾಗ ಮರಿಯಮ್ಮನಹಳ್ಳಿಯಲ್ಲಿ ನೋಡಿದ ನಾಟಕಗಳ ಕಥೆ ಸೇರಿಸುತ್ತಿದ್ದಳು. ಗಂಟೆಗೆ ಇಪ್ಪತ್ತು ಪುಟ ಓದುತ್ತೇನೆಂದು ಲೆಕ್ಕ ಹಾಕಿದ್ದೆ, ಹನ್ನೆರಡು ದಾಟಲಿಲ್ಲ. ಓದಿ ಹೇಳುವವರು ಈ ಲೆಕ್ಕ ಮೊದಲೇ ಇಟ್ಟುಕೊಳ್ಳಿ. ಕೇಳುವವರ ಮಾತಿಗೂ ಪುಟ ಬೇಕು.

ಮೂರನೆಯದು ಡಾ. ವಿಜಯಾ ಅವರ 'ಕುದಿ ಎಸರು'. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮದುವೆಯೊಳಗಿನ ಹೊಡೆತ ಬಡಿತದ ಪುಟಗಳು ಬಂದಾಗ ಅವ್ವ, 'ಸಾಕು ನಿಲ್ಸು. ಚಾ ಕುಡದ ಮ್ಯಾಲೆ ಓದು' ಅಂದಳು. ಚಾ ಆದಮೇಲೂ ಓದು ಅನ್ನಲಿಲ್ಲ. ಮಾರನೆಯ ದಿನ ತಾನಾಗಿ ಕೇಳಿದಳು. ಯಾರಾದರೂ ಈ ಪುಸ್ತಕವನ್ನು 'ಹಗುರವಾದ ಬೇಸಿಗೆ ಓದು' ಎಂದು ಕೊಟ್ಟರೆ ನಂಬಬೇಡಿ. ಆದರೂ ನನ್ನ ಪಟ್ಟಿಯಿಂದ ಅದನ್ನು ತೆಗೆಯುವುದಿಲ್ಲ.

ಇಷ್ಟಾದ ಮೇಲೆ ಟ್ರಾನ್ಸ್ ಮಹಿಳೆ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರ 'ನಡುವೆ ಸುಳಿವ ಹೆಣ್ಣು'. ಇದೂ ಹೇಳಿದ್ದು, ಕೇಳಿ ಬರೆದವರು ಅರುಣ್ ಜೋಳದಕೂಡ್ಲಿಗಿ. ಬೇಕೆಂದೇ ನಾಲ್ಕನೆಯದಾಗಿ ಇಟ್ಟಿದ್ದೆ. 'ಇದು ಅಂಥವರ ಪುಸ್ತಕ' ಎಂದು ಬೇರೆ ಕಟ್ಟು ಕಟ್ಟಿ ಕೊಟ್ಟರೆ ಕೇಳುವವರು ಮೊದಲೇ ಮುಖ ಬಿಗಿ ಹಿಡಿಯುತ್ತಾರೆ. ಮನೆ ಬಿಟ್ಟ ಕಾರಂತರ ಹಿಂದೆ, ಏಟು ತಿಂದ ವಿಜಯಾ ಅವರ ಹಿಂದೆ ಮಂಜಮ್ಮ ಬಂದರೆ ಅವರೂ ಒಂದು ಕಷ್ಟ ದಾಟಿದ ಮನುಷ್ಯರು, ಅಷ್ಟೇ.

ಆದರೆ ಅವ್ವನಿಗೆ ನನ್ನ ಜಾಣತನ ಬೇಕೇ ಇರಲಿಲ್ಲ. 1975ರಲ್ಲಿ ಹುಲಿಗೆಮ್ಮನ ಗುಡಿಯಲ್ಲಿ ಹುಡುಗನಿಗೆ ಮುತ್ತು ಕಟ್ಟಿಸುವ, ಅಂದರೆ ದೇವಿಗೆ ಬಿಡುವ ಭಾಗ ಬಂತು. ಹುಲಿಗಿ ಎಂದರೆ ನಮಗೆ ಡ್ಯಾಮಿನ ಆಚೆ ದಡ. ಅವ್ವ ಎದ್ದು ಕೂತಳು. ಹಡಲಿಗೆ (ದೇವಿಯ ಬುಟ್ಟಿ) ಹೊತ್ತು ಮನೆ ಮುಂದೆ ಬರುತ್ತಿದ್ದ ಜೋಗಪ್ಪನೊಬ್ಬ, ನಮ್ಮಜ್ಜಿ ಅವನಿಗೆ ಮೊರದಲ್ಲಿ ಜೋಳ ಹಾಕಿ ಕಾಲು ಮುಟ್ಟುತ್ತಿದ್ದದ್ದು, ಅವನು ಹೋದ ಮೇಲೆ ಮನೆಯ ಗಂಡಸರು ಆಡಿಕೊಂಡು ನಗುತ್ತಿದ್ದದ್ದು, ಎಲ್ಲ ಹೇಳಿದಳು. ನಾನು ಈ ಮನೆಯಲ್ಲೇ ಬೆಳೆದವನು, ಈ ಕಥೆ ಒಮ್ಮೆಯೂ ಕೇಳಿರಲಿಲ್ಲ. 'ಕಾಲು ಮುಟ್ತಿದ್ರು, ಆದ್ರ ಒಳಗ ಕರದು ಕುಂದ್ರಸ್ತಿರಲಿಲ್ಲ' ಅಂದಳು. ಆ ದಿನ ಮುಂದೆ ಓದಲಿಲ್ಲ.

ಪುಸ್ತಕದ ಹೆಸರಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೇಡರ ದಾಸಿಮಯ್ಯನ ವಚನದಲ್ಲಿ ನಡುವೆ ಸುಳಿಯುವುದು ಆತ್ಮ, ಅದು ಹೆಣ್ಣೂ ಅಲ್ಲ ಗಂಡೂ ಅಲ್ಲ. ಇಲ್ಲಿ ಆತ್ಮವಿದ್ದ ಜಾಗದಲ್ಲಿ 'ಹೆಣ್ಣು' ಬಂದು ಕೂತಿದ್ದಾಳೆ. ವಚನವನ್ನು ಗೌರವಿಸುತ್ತಲೇ ಅದರ ಜೊತೆ ಜಗಳ ತೆಗೆದ ಶೀರ್ಷಿಕೆ ಇದು. ಎರಡನೇ ಸಲ ಓದುವಾಗ ಹೊಳೆಯಿತು.

ಮಂಜಮ್ಮ ಇಡ್ಲಿ ಮಾರಿದ್ದು, ಕಾಳವ್ವ ಜೋಗತಿಯ ತಂಡ ಸೇರಿದ್ದು, ಜೋಗತಿ ನೃತ್ಯ ವೇದಿಕೆಗೆ ಬಂದದ್ದು, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು, ಇವನ್ನೆಲ್ಲ ಅವ್ವ ಸಲೀಸಾಗಿ ಕೇಳಿದಳು. ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದ ವಿಡಿಯೊ 2021ರಲ್ಲೇ ಯಾರೋ ಕಳಿಸಿದ್ದರಂತೆ. 'ಅವ್ರ ದೃಷ್ಟಿ ತಗದ್ಲು, ಅಕಿ ದೃಷ್ಟಿ ಯಾರು ತಗೀಬೇಕು?' ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಟ್ರಾನ್ಸ್ ಲೇಖಕಿ ಎ. ರೇವತಿ ಅವರ ಆತ್ಮಕಥೆ 'ಬದುಕು ಬಯಲು' ಮಾತ್ರ ನಾನು ಜೋರಾಗಿ ಓದಲಿಲ್ಲ. ರೇವತಿ ತಮಿಳಿನಲ್ಲಿ ತಾವೇ ಬರೆದದ್ದು. 2010ರಲ್ಲಿ ವಿ. ಗೀತಾ ಅವರ ಅನುವಾದದಲ್ಲಿ ಇಂಗ್ಲಿಷಿನಲ್ಲಿ ಬಂತು, ಕನ್ನಡಕ್ಕೆ ತಂದವರು ದು. ಸರಸ್ವತಿ. ನಾಮಕ್ಕಲ್ ಕಡೆಯ ಹಳ್ಳಿ, ಅಣ್ಣಂದಿರ ಹೊಡೆತ, ಬೆಂಗಳೂರಿನಲ್ಲಿ ಹಿಜ್ರಾಗಳು ನಡೆಸುವ ಸ್ನಾನದ ಮನೆಗಳಾದ ಹಮಾಮ್‌ಗಳು, ಪೊಲೀಸರು. ಇದನ್ನು ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿ, ಮೊಬೈಲ್ ಬೆಳಕಿನಲ್ಲಿ ಮತ್ತೊಮ್ಮೆ ಒಬ್ಬನೇ ಓದಿದೆ. ಕೆಲವು ಪುಟಗಳನ್ನು ನನ್ನ ದನಿಯಲ್ಲಿ ಅವ್ವನ ಕಿವಿಗೆ ಹಾಕುವ ಧೈರ್ಯ ನನಗೆ ಇಲ್ಲ. ಅದು ಪುಸ್ತಕದ ಕೊರತೆಯಲ್ಲ. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಮೊದಲು ಕೊಳ್ಳಬೇಕಾದ್ದು ಇದೇ.

ಟ್ರಾನ್ಸ್ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ಅವರ ಆತ್ಮಕಥೆ 2022ರಲ್ಲಿ ಇಂಗ್ಲಿಷಿನಲ್ಲಿ ಬಂದಿದೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರದನ್ನು ಸಂಚಾರಿ ವಿಜಯ್ ನಟಿಸಿದ 'ನಾನು ಅವನಲ್ಲ ಅವಳು' ಸಿನಿಮಾದ ಮೂಲಕ ಬಹಳ ಜನ ಬಲ್ಲರು. ಎರಡೂ ಬ್ಯಾಗಿನಲ್ಲಿದ್ದವು, ಹಾಗೇ ವಾಪಸು ಬಂದವು.

ಕೊನೆಯ ವಾರ ವಸುಧೇಂದ್ರರ 'ಮೋಹನಸ್ವಾಮಿ'. ಇದು ಆತ್ಮಕಥೆಯಲ್ಲ, ಸಲಿಂಗಪ್ರೇಮಿ ಗಂಡಸೊಬ್ಬನ ಕಥೆಗಳು. 2013ರಲ್ಲಿ ಬಂದಾಗ ನಾನು ಬೆಂಗಳೂರಿನ ಪೀಜಿಯಲ್ಲಿ ಪುಸ್ತಕಕ್ಕೆ ದಿನಪತ್ರಿಕೆಯ ರಟ್ಟು ಹಾಕಿ ಓದಿದ್ದೆ. ಅದೇ ವರ್ಷ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧ ಅಪರಾಧವಲ್ಲ ಎಂದಿದ್ದ ದೆಹಲಿ ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿ ನಮ್ಮನ್ನು ಮತ್ತೆ ಅಪರಾಧಿಗಳ ಸಾಲಿಗೆ ನಿಲ್ಲಿಸಿತು. ಬರೆದವರು ಸಂಡೂರಿನವರು, ನಮ್ಮೂರಿಂದ ಬಸ್ಸಿಗೆ ಸುಮಾರು ಒಂದು ಗಂಟೆಯ ದಾರಿ. ನಮ್ಮ ಸೀಮೆಯ ಕನ್ನಡದಲ್ಲಿ ನನ್ನಂಥವನೊಬ್ಬ ಇದ್ದಾನೆ ಎಂಬುದೇ ಆಗ ದೊಡ್ಡ ಸುದ್ದಿಯಾಗಿತ್ತು.

ಎಲ್ಲ ಕಥೆ ಓದಲಿಲ್ಲ, ಆರಿಸಿದೆ. ಕಿಲಿಮಂಜಾರೊ ಹತ್ತುವ ಕಥೆ ಓದಿದೆ. ಜೊತೆಗಿದ್ದ ಗೆಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುವ ಕಥೆಯನ್ನೂ ಓದಿದೆ. ಓದುವಾಗ ಪುಸ್ತಕದಿಂದ ತಲೆ ಎತ್ತಲಿಲ್ಲ. ಓದಿ ಹೇಳುವುದರ ಅನುಕೂಲ ಅದೇ ನೋಡಿ, ಕಣ್ಣು ಪುಟದ ಮೇಲೆ ಇರುತ್ತದೆ, ಎದುರಿಗಿದ್ದವರ ಮುಖ ನೋಡಬೇಕಿಲ್ಲ. ಅವರೂ ಕಣ್ಣು ಮುಚ್ಚಿ ಕೂತಿರುತ್ತಾರೆ. ಮುಗಿದ ಮೇಲೆ ಅವ್ವ ಕೇಳಿದ್ದು ಒಂದೇ: 'ನಿನ್ನ ಜೋಡಿ ರೂಮ್‌ನಾಗ ಇದ್ನಲ್ಲ, ದಾವಣಗೆರಿ ಹುಡುಗ, ಅವನ ಮದುವಿ ಆತೇನು?'

ಆತು ಅವ್ವ, ನಾಲ್ಕು ವರ್ಷ ಆತು, ಅಂದೆ.

'ಹೂಂ' ಅಂದಳು. ಡ್ರಾಪ್ಸ್ ಹಾಕುವ ಹೊತ್ತಾಗಿತ್ತು. ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಅಗಲಿಸಿದಳು, ಹಾಕಿದೆ.

ಈಗ ಹೊಸ ಕನ್ನಡಕ ಬಂದಿದೆ, ತಾನೇ ಓದುತ್ತಾಳೆ. ಹೋದ ವಾರ ಫೋನಿನಲ್ಲಿ ಒಂದೇ ದೂರು. ಮಂಜಮ್ಮನ ಪುಸ್ತಕವನ್ನು ಪಕ್ಕದ ಮನೆಯ ಅತ್ತೆ 'ಎರಡು ದಿನದಾಗ ಕೊಡ್ತೀನಿ' ಎಂದು ಒಯ್ದವರು ತಿಂಗಳಾದರೂ ಕೊಟ್ಟಿಲ್ಲ, ಕೇಳಿದರೆ ಸೊಸೆ ಓದುತ್ತಿದ್ದಾಳೆ ಅನ್ನುತ್ತಾರೆ, ಬರುವಾಗ ಇನ್ನೊಂದು ಪ್ರತಿ ತಗೊಂಡು ಬಾ ಎಂದು.