ಮಷಿನ್ ಹೇಳಿದ್ದು 38 ಸಾವಿರ, ಸ್ಲೈಡ್ ಹೇಳಿದ್ದೇ ಬೇರೆ

ಪ್ಲೇಟ್‌ಲೆಟ್ ಕಮ್ಮಿ ಬಂದರೆ ರಕ್ತಕಣ ಎಣಿಸುವ ಮಷಿನ್‌ಗೆ ಮತ್ತೆ ಹಾಕುವ ಮೊದಲು ಗಾಜಿನ ಸ್ಲೈಡಿನ ಮೇಲೆ ರಕ್ತ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡೋಣ ಎಂದು ನಾನು ಹೇಳಿದಾಗ ಲ್ಯಾಬಿನಲ್ಲಿ ಎಲ್ಲರೂ ನಕ್ಕಿದ್ದರು. "ಮತ್ತೆ ಅಷ್ಟು ದುಡ್ಡು ಸುರಿದು ಮಷಿನ್ ತಂದಿದ್ದು ಯಾಕೆ?" ಎಂದರು. ಈಗ ಅವರೇ ಟ್ಯೂಬ್ ಹಿಡಿದು ನನ್ನ ಟೇಬಲ್ಲಿಗೆ ಬರುತ್ತಾರೆ.

ಶುರುವಿನಲ್ಲಿ ನಾನೂ ಎಡವಿದವನೇ. ಒಬ್ಬರಿಗೆ 38 ಸಾವಿರ ಬಂತು. ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ, ಸೂಜಿ ಚುಚ್ಚಿದ ಕಡೆ ರಕ್ತ ಬೇಗ ನಿಂತಿತ್ತು. ಅದೇ ಟ್ಯೂಬನ್ನು ಮೂರು ಸಲ ಓಡಿಸಿದೆ. 38, ಆಮೇಲೆ 31, ಗಂಟೆ ಬಿಟ್ಟು 22ರ ಹತ್ತಿರ. ಬಿಳಿ ಕಣ ಮಾತ್ರ ಚೂರು ಚೂರೇ ಏರುತ್ತಿತ್ತು. ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ರಿಪೋರ್ಟ್ ಹಾಗೇ ಕಳಿಸಿಬಿಟ್ಟೆ. ಅವರನ್ನು ಅಡ್ಮಿಟ್ ಮಾಡಿಕೊಂಡರು, ಪ್ಲೇಟ್‌ಲೆಟ್ ಏರಿಸುವ ಮಾತೂ ಬಂತು. ಅವರ ಖರ್ಚು ಒಂದು ಕಡೆ, ಮಷಿನ್‌ಗೆ ಬೇಕಾದ ನಮ್ಮ ರಾಸಾಯನಿಕ (ರೀಏಜೆಂಟ್) ದಂಡವಾಗಿದ್ದು ಇನ್ನೊಂದು ಕಡೆ. ಮರುದಿನ ಸ್ಲೈಡ್ ನೋಡಿದರೆ ಎಳೆದ ರಕ್ತದ ಬಾಲದ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಮುದ್ದೆಮುದ್ದೆಯಾಗಿ ಅಂಟಿಕೊಂಡಿದ್ದವು. ಎಲ್ಲಾ ಇಡಿಟಿಎ ಕೆಲಸ, ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನಲ್ಲಿ ಹಾಕಿರುವ ರಾಸಾಯನಿಕ ಅದು. ಆ ಮುದ್ದೆಗಳನ್ನೇ ಮಷಿನ್ ಬಿಳಿ ಕಣ ಎಂದು ಎಣಿಸುತ್ತಿತ್ತು.

ಇಡಿಟಿಎ ಬದಲು ಸೈಟ್ರೇಟ್ ದ್ರಾವಣ ಇರುವ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತೆಗೆದು ಕೂಡಲೇ ಓಡಿಸಿದೆ. ಬಂದ ಅಂಕಿಗೆ 1.1 ಗುಣಿಸಿದೆ, ಸೈಟ್ರೇಟ್ ಸೇರಿ ರಕ್ತ ತೆಳುವಾಗಿರುತ್ತದಲ್ವಾ. 1.9 ಲಕ್ಷದ ಆಸುಪಾಸು ನಿಂತಿತು. ಟ್ಯೂಬನ್ನು ಗುರುತಿನವರೆಗೆ ತುಂಬದೆ ಒಮ್ಮೆ ಈ ಲೆಕ್ಕವನ್ನೂ ಕೆಡಿಸಿದ್ದೇನೆ. ಕೆಲವರ ರಕ್ತ ಸೈಟ್ರೇಟ್‌ನಲ್ಲೂ ಮುದ್ದೆಯಾಗುತ್ತದೆ. ಅದಕ್ಕೆ ನನ್ನದೊಂದು ಉಪಾಯ ಇದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುದ್ದೆ ಎಲ್ಲೂ ಇಲ್ಲ, ಕಣಗಳೇ ವಿರಳ ಎಂದಾದರೆ ಅದು ನಿಜವಾದ ಕಮ್ಮಿ. ಆಗ ಮೈಕ್ರೋಸ್ಕೋಪಿನ ಆಯಿಲ್ ಲೆನ್ಸಿನಲ್ಲಿ ಹತ್ತು ಫೀಲ್ಡ್ (ಒಮ್ಮೆಗೆ ಕಾಣುವಷ್ಟು ಜಾಗ) ಎಣಿಸಿ, ಸರಾಸರಿಗೆ 15 ಸಾವಿರ ಗುಣಿಸಿ, ನೇರ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ನಡುವೆ ಎಂಸಿವಿಯನ್ನು, ಅಂದರೆ ಕೆಂಪು ಕಣದ ಸರಾಸರಿ ಗಾತ್ರವನ್ನು, ಕೆಂಪು ಕಣದ ಸಂಖ್ಯೆಯಿಂದ ಭಾಗಿಸುವ ಹುಚ್ಚೂ ಹತ್ತಿತ್ತು. 13ಕ್ಕಿಂತ ಕೆಳಗೆ ಬಂದರೆ ಥಲಸ್ಸೀಮಿಯಾ ಟ್ರೈಟ್ (ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷದ ವಾಹಕತೆ), ಮೇಲಿದ್ದರೆ ಕಬ್ಬಿಣದ ಕೊರತೆ ಎಂದು ಜಂಬದಿಂದ ಹೇಳುತ್ತಿದ್ದೆ. ಎರಡೂ ಇದ್ದವರೊಬ್ಬರು ಸಿಕ್ಕಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಸಲ ಎಂಸಿಎಚ್‌ಸಿ (ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) 40 ದಾಟಿತು, ಕೆಂಪು ಕಣ ಅರ್ಧಕ್ಕಿಳಿದಿತ್ತು. ಹಿಮೋಗ್ಲೋಬಿನ್ ಮಾತ್ರ ಸರಿಯಾಗಿತ್ತು. ಮಷಿನ್ ಕೆಟ್ಟಿದೆ ಎಂದು ಸರ್ವಿಸ್‌ನವರಿಗೆ ಹೇಳಿ ಕಳಿಸಿದರು. ಅವರು ಬರುವಷ್ಟರಲ್ಲಿ ನಾನು ಟ್ಯೂಬನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಬಿಸಿ ಆರುವ ಮೊದಲೇ ಓಡಿಸಿದೆ. ಎಂಸಿಎಚ್‌ಸಿ 34 ಬಂತು. ತಣ್ಣಗಾದರೆ ಕಣಗಳು ಒಂದಕ್ಕೊಂದು ಅಂಟುವ ರಕ್ತ ಅದು. ಸರ್ವಿಸ್ ಬಿಲ್ ಮಾತ್ರ ಕಟ್ಟಲೇಬೇಕಾಯಿತು.