ಶಾಲೆಯ ಲ್ಯಾಬ್‌ಗೆ ಮುಕ್ತ ತಂತ್ರಾಂಶ: ಮೊದಲು ಕೀಲಿಮಣೆ, ಆಮೇಲೆ ಲಿನಕ್ಸ್

ಹದಿನೈದು ಇಪ್ಪತ್ತು ಕಂಪ್ಯೂಟರ್ ಇರುವ ಪ್ರೌಢಶಾಲೆಯ ಲ್ಯಾಬ್‌ಗೆ ಲಿನಕ್ಸ್, ಅಂದರೆ ವಿಂಡೋಸ್ ಬದಲು ಬಳಸಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ, ಹಾಕಲು ಎರಡು ದಿನ ಸಾಕು. ಹಾಕಿದ್ದು ಮುಂದಿನ ವರ್ಷವೂ ಅಲ್ಲೇ ಉಳಿಯಬೇಕಲ್ಲ, ಕಷ್ಟ ಇರುವುದು ಅಲ್ಲಿ. ಲಿನಕ್ಸ್ ತೆಗೆಸಿ ಮತ್ತೆ ವಿಂಡೋಸ್ ಹಾಕಿಸಿಕೊಂಡ ಕಡೆ ಕಾರಣ ಸಾಮಾನ್ಯವಾಗಿ ಲಿನಕ್ಸ್ ಆಗಿರುವುದಿಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲು ಓದಲು ಬರಲಿಲ್ಲ, ಪ್ರಿಂಟರ್ ಓಡಲಿಲ್ಲ, ಅಂಕಪಟ್ಟಿಯ ಎಕ್ಸೆಲ್ ಹಾಳೆಯ ಬಟನ್ ಒತ್ತಿದರೆ ಏನೂ ಆಗಲಿಲ್ಲ ಎಂಬಂಥ ಸಣ್ಣ ವಿಷಯಗಳೇ ಕಾರಣ. ಆದ್ದರಿಂದ ಇಲ್ಲಿ ಆಪರೇಟಿಂಗ್ ಸಿಸ್ಟಂ ಕೊನೆಗೆ ಬರುತ್ತದೆ.

ಈಗಲೇ ಯಾಕೆ? ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್. ಅದಕ್ಕಿಂತ ಹಿಂದಿನ ಲ್ಯಾಬ್ ಕಂಪ್ಯೂಟರುಗಳು ಚೆನ್ನಾಗಿ ಓಡುತ್ತಿದ್ದರೂ ಆ ಲೆಕ್ಕದಲ್ಲಿ ಗುಜರಿ. ಲಿನಕ್ಸ್‌ಗೆ ಅವು ಸಾಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದು ಹೊಸ ಸುದ್ದಿಯೂ ಅಲ್ಲ. ಅಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಎಂಬ ಹೆಸರಿರುವ ಸಂಸ್ಥೆ ಶಾಲೆಗಳಿಗೆಂದೇ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಕೊಡುತ್ತದೆ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ.

ಮೊದಲು ಎಣಿಕೆ

ದಾಸ್ತಾನು ವಹಿ ಪಕ್ಕದಲ್ಲಿಟ್ಟುಕೊಂಡು ಪ್ರತಿ ಯಂತ್ರಕ್ಕೂ ಒಂದು ಸಾಲು ಬರೆಯಿರಿ: ಪ್ರೊಸೆಸರ್, ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಜಿಬಿ, 64 ಬಿಟ್ಟೋ 32 ಬಿಟ್ಟೋ, ವಾರಂಟಿ ಅಥವಾ ನಿರ್ವಹಣಾ ಒಪ್ಪಂದ ಇದೆಯೇ. ಒಪ್ಪಂದ ಚಾಲ್ತಿಯಲ್ಲಿದ್ದರೆ ಮುಟ್ಟುವ ಮೊದಲು ಲಿಖಿತ ಒಪ್ಪಿಗೆ ಬೇಕು. ಇಲ್ಲದಿದ್ದರೆ ನಾಳೆ ಮದರ್‌ಬೋರ್ಡ್ ಸುಟ್ಟರೂ ‘ನೀವು ಲಿನಕ್ಸ್ ಹಾಕಿದ್ದೀರಿ’ ಎಂದು ಕೈ ಎತ್ತುತ್ತಾರೆ. ಎಸ್‌ಡಿಎಂಸಿ ಸಭೆಯಲ್ಲಿ ಒಂದು ನಿರ್ಣಯ ಬರೆಸಿಟ್ಟರೆ ಇನ್ನೂ ಒಳ್ಳೆಯದು.

ಮಾನಿಟರ್ ಹಿಂದೆ ಸಿಪಿಯು ಬದಲು ಅಂಗೈಯಗಲದ ಪೆಟ್ಟಿಗೆ ಇದ್ದರೆ, ಅಂದರೆ ಒಂದೇ ಕಂಪ್ಯೂಟರಿನಿಂದ ನಾಲ್ಕೈದು ಪರದೆ ಓಡಿಸುವ ಎನ್‌ಕಂಪ್ಯೂಟಿಂಗ್ ಥರದ್ದಾದರೆ, ಅಲ್ಲಿ ನಿಲ್ಲಿ. ಅದರ ತಂತ್ರಾಂಶ ನಿರ್ದಿಷ್ಟ ಆವೃತ್ತಿಗಳಿಗೆ ಮಾತ್ರ ಒಗ್ಗುತ್ತದೆ. ಮುಖ್ಯ ಯಂತ್ರ ಬದಲಿಸಿದರೆ ಉಳಿದ ಪರದೆಗಳೆಲ್ಲ ಕಪ್ಪಾಗುತ್ತವೆ.

ಜೂನ್‌ನಿಂದ ದಸರೆವರೆಗೆ: ವಿಂಡೋಸ್ ಮೇಲೆಯೇ

ಮೊದಲ ಮೂರ್ನಾಲ್ಕು ತಿಂಗಳು ವಿಂಡೋಸ್ ಇರಲಿ. ಅದರ ಮೇಲೆ ಲಿಬ್ರೆ ಆಫೀಸ್ (ವರ್ಡ್, ಎಕ್ಸೆಲ್ ಬದಲಿಗೆ), ಫೈರ್‌ಫಾಕ್ಸ್ ಬ್ರೌಸರ್, ವಿಡಿಯೊಗೆ ವಿಎಲ್‌ಸಿ, ಚಿತ್ರ ತಿದ್ದಲು ಗಿಂಪ್ ಹಾಕಿ. ಎಲ್ಲವೂ ಎರಡೂ ಕಡೆ ಒಂದೇ ಥರ ಇರುವುದರಿಂದ ಆಮೇಲೆ ಕೆಳಗಿನ ಸಿಸ್ಟಂ ಬದಲಾದರೂ ಶಿಕ್ಷಕರ ಕೈಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ.

ಲಿಬ್ರೆ ಆಫೀಸ್ ಹಾಕಿದ ದಿನವೇ ಎರಡು ಜಾಗ ಸರಿಪಡಿಸಿ. ಟೂಲ್ಸ್ → ಆಪ್ಷನ್ಸ್‌ನ ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುರುತು ಹಾಕಿ ಕನ್ನಡ ಆರಿಸಿ. ಬಳಿಕ ಅದೇ ಆಪ್ಷನ್ಸ್‌ನಲ್ಲಿ ರೈಟರ್ → ಬೇಸಿಕ್ ಫಾಂಟ್ಸ್ (ಸಿಟಿಎಲ್) ತೆರೆದು ಎಲ್ಲ ಸಾಲುಗಳಿಗೂ ನೋಟೊ ಸ್ಯಾನ್ಸ್ ಕನ್ನಡ ಕೊಡಿ. ಇದನ್ನು ಬಿಟ್ಟರೆ ಅಲ್ಲಿ ದೇವನಾಗರಿ ಫಾಂಟ್ ಕೂತಿರಬಹುದು. ಆಗ ಕನ್ನಡ ಅಕ್ಷರ ಬೇರೆಲ್ಲಿಂದಲೋ ಎರವಲು ಬರುತ್ತದೆ, ಸಾಲುಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ, ಎರಡು ಪುಟದ ಪ್ರಶ್ನೆಪತ್ರಿಕೆ ಮೂರನೇ ಪುಟಕ್ಕೆ ಇಳಿಯುತ್ತದೆ. ಇಂಗ್ಲಿಷ್ ಮಾಧ್ಯಮದ ಪತ್ರಿಕೆ ಹೀಗೆ ಇಳಿದರೆ ಕಾರಣ ಕ್ಯಾಲಿಬ್ರಿ ಇಲ್ಲದಿರುವುದು. ಅದೇ ಅಳತೆಯ ಕಾರ್ಲಿಟೊ ಫಾಂಟ್ ಹಾಕಿದರೆ ಪುಟ ಮತ್ತೆ ಜಾಗಕ್ಕೆ ಬರುತ್ತದೆ.

ಬಿಇಒ ಕಚೇರಿಗೆ ಹೋಗುವುದನ್ನು ಪಿಡಿಎಫ್ ಮಾಡಿ ಕಳಿಸಿ. ಅವರು ತಿದ್ದಬೇಕಾದ ಫೈಲಾದರೆ ವರ್ಡ್‌ನ ಡಾಕ್ಸ್ (.docx) ರೂಪದಲ್ಲಿ ಉಳಿಸಿ ಕಳಿಸಿ. ಲಿಬ್ರೆ ಆಫೀಸಿನದೇ ಆದ ಓಡಿಟಿ ಫೈಲ್ ಕಳಿಸಿ ‘ಇದು ತೆರೆಯೋದಿಲ್ಲ ಸರ್’ ಎನ್ನಿಸಿಕೊಂಡರೆ ಇಡೀ ಯೋಜನೆಗೇ ಕೆಟ್ಟ ಹೆಸರು.

ಅಂಕಪಟ್ಟಿಯ ಹಾಳೆಗಳನ್ನು ಈ ಅವಧಿಯಲ್ಲೇ ಪರೀಕ್ಷಿಸಿ. ಎಫ್‌ಎ, ಎಸ್‌ಎ ಅಂಕಗಳಿಗೆಂದು ಶಿಕ್ಷಕರು ವಾಟ್ಸಾಪಿನಲ್ಲಿ ಹಂಚಿಕೊಳ್ಳುವ ಎಕ್ಸೆಲ್ ಹಾಳೆಗಳಲ್ಲಿ ಎರಡು ಬಗೆ. ಬರೀ ಸೂತ್ರ ಇರುವುದು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಸಾಮಾನ್ಯವಾಗಿ ಹಾಗೇ ಓಡುತ್ತದೆ. ಬಟನ್ ಒತ್ತಿದರೆ ಪ್ರಗತಿಪತ್ರ ಬರುವಂಥ ಮ್ಯಾಕ್ರೊ ಹಾಳೆ ಅರ್ಧಕ್ಕೆ ನಿಲ್ಲುವ ಸಂಭವ ಹೆಚ್ಚು. ಎರಡನೆಯದನ್ನು ಸೂತ್ರಗಳಿಂದಲೇ ಹೊಸದಾಗಿ ಕಟ್ಟಿಕೊಳ್ಳಿ, ಇಲ್ಲವೇ ವಿಂಡೋಸ್ ಉಳಿಸಿಕೊಳ್ಳುವ ಕಚೇರಿಯ ಯಂತ್ರಕ್ಕೆ ಬಿಡಿ.

ನುಡಿಯಿಂದ ಯೂನಿಕೋಡ್‌ಗೆ

ಹೆಚ್ಚು ತಾಳ್ಮೆ ಬೇಕಾದ ಭಾಗ ಇದು. ಹಳೆಯ ನುಡಿ ಫಾಂಟಿನಲ್ಲಿ ಬರೆದ ಫೈಲಿನೊಳಗೆ ನಿಜವಾಗಿ ಕನ್ನಡ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡ್ ಚಿಹ್ನೆ ಕಾಣುತ್ತದೆ, ಅದು ನಮ್ಮ ‘ನ’. ಫೈಲ್ ಕೆಟ್ಟಿದೆ ಎಂದು ಗಾಬರಿಪಡಬೇಕಿಲ್ಲ.

ಆಸ್ಕಿ ಎಂದು ಕರೆಯುವ ಈ ಹಳೆಯ ಬಗೆಯಿಂದ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಗೆ, ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಅವುಗಳ ಬಾಯಿಗೆ ಇಡೀ ಫೈಲ್ ಹಾಕಬೇಡಿ. ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಅವು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡುತ್ತವೆ. ಇಂಗ್ಲಿಷ್ ಇರುವ ಸಾಲುಗಳನ್ನು ಪಕ್ಕಕ್ಕಿಟ್ಟು ಕನ್ನಡದ ಭಾಗ ಮಾತ್ರ ಬದಲಿಸಿ. ಬಂದದ್ದರಲ್ಲಿ ‘ವರ್ಷ’, ‘ಸೂರ್ಯ’, ‘ವಿದ್ಯಾರ್ಥಿ’ ಇಂಥ ಪದಗಳನ್ನು ಹುಡುಕಿ ನೋಡಿ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಎಡವಿದರೆ ಹೆಚ್ಚಾಗಿ ಇಲ್ಲೇ. ಮೂಲ ಫೈಲುಗಳನ್ನು ಅಳಿಸದೆ ‘ಹಳೆಯದು’ ಎಂಬ ಫೋಲ್ಡರಿನಲ್ಲಿ ಇಡಿ. ಹತ್ತು ವರ್ಷದ ಎಲ್ಲ ಕಾಗದವನ್ನೂ ಬದಲಿಸಲು ಹೊರಡಬೇಡಿ. ಮತ್ತೆ ಬಳಸುವ ಪ್ರಶ್ನೆಪತ್ರಿಕೆ, ಪ್ರಮಾಣಪತ್ರದ ನಮೂನೆ, ಸುತ್ತೋಲೆ ಇಷ್ಟು ಸಾಕು.

ಕೀಲಿಮಣೆಯ ವಿಷಯದಲ್ಲಿ ಸಮಾಧಾನದ ಸಂಗತಿಯಿದೆ. ನುಡಿಯಲ್ಲಿ ಬೆರಳು ಪಳಗಿದವರು ಹೆಚ್ಚೇನೂ ಹೊಸದಾಗಿ ಕಲಿಯಬೇಕಿಲ್ಲ. ಅದೇ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲಿನಿಂದಲೇ ಇದೆ. ಕೀಬೋರ್ಡ್ → ಲೇಔಟ್‌ನಲ್ಲಿ ‘ಕನ್ನಡ, ಕಗಪ ಫೊನೆಟಿಕ್’ ಎಂಬುದನ್ನು ಸೇರಿಸಿ, ಭಾಷೆ ಬದಲಿಸಲು ಆಲ್ಟ್+ಶಿಫ್ಟ್ ಕೊಡಿ. ಸರಿ ಬಂದಿದೆಯೇ ಎಂದು ನೋಡಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ. ‘ಕನ್ನಡ’ ಮೂಡಬೇಕು. ಪಟ್ಟಿಯಲ್ಲಿ ಇಂಗ್ಲಿಷ್ ಮೇಲೆ, ಕನ್ನಡ ಅದರ ಕೆಳಗೆ ಇರಲಿ. ಕನ್ನಡ ಮೇಲಿದ್ದರೆ ಲಾಗಿನ್ ಪರದೆಯಲ್ಲೂ ಕನ್ನಡವೇ ಬಂದು ಪಾಸ್‌ವರ್ಡ್ ತಪ್ಪೆನ್ನುತ್ತದೆ. ಅಲ್ಲಿ ಅಕ್ಷರದ ಬದಲು ಬರೀ ಚುಕ್ಕಿ ಕಾಣುವುದರಿಂದ ಯಾರಿಗೂ ಕಾರಣ ಹೊಳೆಯುವುದಿಲ್ಲ.

ದಸರೆ ರಜೆಯಲ್ಲಿ ಲಿನಕ್ಸ್

ಜನವರಿಯಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವವರೆಗೆ ಯಾವ ಯಂತ್ರದ ಸಿಸ್ಟಂಗೂ ಕೈಹಾಕಬೇಡಿ. ದಸರೆ ರಜೆ ಸರಿಯಾದ ಹೊತ್ತು.

4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದಕ್ಕೆ 2029ರವರೆಗೆ ಬೆಂಬಲವಿದೆ. 2 ಜಿಬಿಯಲ್ಲೂ ಕೂರುತ್ತದೆ, ಆದರೆ ಬ್ರೌಸರಿನಲ್ಲಿ ಮೂರು ಟ್ಯಾಬ್ ತೆರೆದರೆ ಏದುಸಿರು. 32 ಬಿಟ್ ಯಂತ್ರಕ್ಕೆ ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. ದುಡ್ಡು ಸ್ವಲ್ಪವೇ ಇದ್ದರೆ ರ‍್ಯಾಮಿಗಿಂತ ಮೊದಲು ಹಳೆಯ ಹಾರ್ಡ್‌ಡಿಸ್ಕ್ ಬದಲು 240 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಯಂತ್ರಕ್ಕೆ ಜೀವ ಬರುವುದು ಅದರಿಂದ.

ಮೊದಲು ಒಂದೇ ಯಂತ್ರ. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ತಂತ್ರಾಂಶದಿಂದ ಐಎಸ್‌ಒ (ಇಳಿಸಿಕೊಂಡ ಲಿನಕ್ಸ್ ಫೈಲ್) ಬರೆಯಿರಿ. ಪೆನ್‌ಡ್ರೈವಿನಿಂದ ಶುರುಮಾಡಲು ಬೇಕಾದ ಬೂಟ್ ಮೆನುಗೆ ಡೆಲ್, ಏಸರ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಅಳಿಸಿ ಹಾಕುವ ಮುನ್ನ ‘ಲೈವ್’ ಆಗಿ, ಅಂದರೆ ಪೆನ್‌ಡ್ರೈವಿನಿಂದಲೇ, ಓಡಿಸಿ ಶಬ್ದ, ನೆಟ್‌ವರ್ಕ್, ಪ್ರಿಂಟರ್, ಪ್ರೊಜೆಕ್ಟರ್ ನಾಲ್ಕನ್ನೂ ನೋಡಿ. ಡಿಸ್ಕೇ ಕಾಣುತ್ತಿಲ್ಲವೆಂದರೆ ಬಯೋಸ್‌ನಲ್ಲಿ ಸಾಟಾ ಮೋಡ್ ರೇಯ್ಡ್ ಎಂದಿರುತ್ತದೆ, ಎಎಚ್‌ಸಿಐ ಮಾಡಿ.

ಹಳೆಯ ಯಂತ್ರಗಳಲ್ಲಿ ಪದೇ ಪದೇ ಕಾಡುವುದು ಮದರ್‌ಬೋರ್ಡಿನ ಬಟನ್ ಬ್ಯಾಟರಿ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಿಗಿಯುತ್ತದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದಾಗುತ್ತದೆ, ತಂತ್ರಾಂಶ ಅಪ್‌ಡೇಟ್ ನಿಲ್ಲುತ್ತದೆ, ಜನ ಲಿನಕ್ಸ್‌ನಲ್ಲಿ ಇಂಟರ್‌ನೆಟ್ ಬರೋದಿಲ್ಲ ಎನ್ನುತ್ತಾರೆ. ಗಡಿಯಾರದ ಅಂಗಡಿಯಲ್ಲೂ ಸಿಗುವ ಸಿಆರ್2032 ಸೆಲ್ಲುಗಳನ್ನು ಒಟ್ಟಿಗೆ ತಂದು ಎಲ್ಲಕ್ಕೂ ಒಂದೇ ದಿನ ಬದಲಿಸಿಬಿಡಿ.

ಆ ಒಂದು ಯಂತ್ರದಲ್ಲಿ ಫಾಂಟು, ಕೀಲಿಮಣೆ, ಪ್ರಿಂಟರ್, ವಿಷಯವಾರು ತಂತ್ರಾಂಶ ಎಲ್ಲ ಸರಿಹೊಂದಿದ ಮೇಲೆ ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾದಿಂದ ಅದರ ಪ್ರತಿಬಿಂಬವನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ತೆಗೆದು ಉಳಿದವಕ್ಕೆ ಇಳಿಸಿ. ಇಳಿಸುವ ಡಿಸ್ಕ್ ಮೂಲದ್ದಕ್ಕಿಂತ ಚಿಕ್ಕದಾಗಿದ್ದರೆ ಕ್ಲೋನ್‌ಜಿಲ್ಲಾ ಒಪ್ಪುವುದಿಲ್ಲ. ಆದ್ದರಿಂದ ಅತಿ ಚಿಕ್ಕ ಡಿಸ್ಕ್ ಇರುವ ಯಂತ್ರವನ್ನೇ ಮಾದರಿ ಮಾಡಿಕೊಳ್ಳಿ. ಇಳಿಸಿದ ಮೇಲೆ ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು ಕೊಡಿ, ಲ್ಯಾಬ್-01, ಲ್ಯಾಬ್-02 ಹೀಗೆ.

ಮಕ್ಕಳಿಗೆ ‘ವಿದ್ಯಾರ್ಥಿ’ ಎಂಬ ಸಾಮಾನ್ಯ ಖಾತೆ ಇರಲಿ, ಅದಕ್ಕೆ ತಂತ್ರಾಂಶ ಹಾಕುವ ಅಧಿಕಾರ ಬೇಡ. ತಾನಾಗಿ ಆಗುವ ಅಪ್‌ಡೇಟ್ ನಿಲ್ಲಿಸಿಡಿ. ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ಇಪ್ಪತ್ತು ಯಂತ್ರ ಒಟ್ಟಿಗೆ ಅಪ್‌ಡೇಟ್ ಎಳೆದರೆ ಆ ದಿನದ ಡೇಟಾ ಮೊದಲ ಪಿರಿಯಡ್‌ನಲ್ಲೇ ಖಾಲಿ. ಅದರ ಬದಲು ತಿಂಗಳಿಗೊಮ್ಮೆ ಶನಿವಾರ ನೀವೇ ಮಾಡಿ. ಯುಪಿಎಸ್ ಇಲ್ಲದ ಲ್ಯಾಬ್‌ನಲ್ಲಿ ಕರೆಂಟ್ ಹೋಗಿ ಯಂತ್ರವೊಂದು ಕಪ್ಪು ಪರದೆಯಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂದು ನಿಂತರೆ ಮರುಸ್ಥಾಪನೆ ಬೇಕಿಲ್ಲ. ಅಲ್ಲೇ ಡಿಸ್ಕಿನ ದೋಷ ಸರಿಪಡಿಸುವ ಎಫ್‌ಎಸ್‌ಸಿಕೆ (fsck) ಆಜ್ಞೆ ಓಡಿಸಿದರೆ ಸಾಮಾನ್ಯವಾಗಿ ಏಳುತ್ತದೆ. ಯಾವ ಪಾರ್ಟಿಷನ್ ಎಂಬುದು ಅದೇ ಪರದೆಯಲ್ಲಿ ಬರೆದಿರುತ್ತದೆ.

ಪ್ರಿಂಟರ್

ಎಚ್‌ಪಿಯ ಬಹಳಷ್ಟು ಪ್ರಿಂಟರ್‌ಗಳು ಎಚ್‌ಪಿಲಿಪ್ ಎಂಬ ಚಾಲಕ ತಂತ್ರಾಂಶದಿಂದ ಓಡುತ್ತವೆ. ಆದರೆ ಲೇಸರ್‌ಜೆಟ್ 1020, ಎಂ1005ರಂಥವಕ್ಕೆ ಒಂದು ಹೆಚ್ಚುವರಿ ಪ್ಲಗಿನ್ ಬೇಕು, ಅದನ್ನು ಇಳಿಸಿಕೊಳ್ಳಲು ಒಮ್ಮೆ ಇಂಟರ್‌ನೆಟ್ ಬೇಕು. ಹಲವು ಕಚೇರಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ಸಾಕಷ್ಟು ಒದ್ದಾಡಿಸುತ್ತದೆ. ಅದರ ಜತೆ ದಿನ ಕಳೆಯುವ ಬದಲು ಪಿಡಿಎಫ್ ಮಾಡಿ ಕಚೇರಿಯ ವಿಂಡೋಸ್ ಯಂತ್ರದಿಂದ ಮುದ್ರಿಸಿ.

ಹೌದು, ಕಚೇರಿಯಲ್ಲಿ ಒಂದು ವಿಂಡೋಸ್ ಇರಲಿ. ಸ್ಯಾಟ್ಸ್, ಯುಡೈಸ್ ಪ್ಲಸ್‌ನಂಥ ಇಲಾಖಾ ತಾಣಗಳ ಬ್ರೌಸರ್ ಕೆಲಸ ಲಿನಕ್ಸ್‌ನಲ್ಲಿ ನಡೆಯುತ್ತದೆ. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚಿ ಸಹಿ ಹಾಕಬೇಕಾದ ಬಿಲ್ಲಿನ ಕೆಲಸವನ್ನು ಮಾತ್ರ ಪ್ರಯೋಗಕ್ಕೆ ಒಡ್ಡಬೇಡಿ. ತಿಂಗಳ ಕೊನೆಗೆ ಸಂಬಳದ ಬಿಲ್ ಸಿಕ್ಕಿಕೊಂಡರೆ ಮುಕ್ತ ತಂತ್ರಾಂಶದ ಪರವಾಗಿ ಮಾತಾಡಲು ಯಾರೂ ಉಳಿಯುವುದಿಲ್ಲ.

ಪಾಠಕ್ಕೆ ಏನು

ಗಣಿತಕ್ಕೆ ಜಿಯೊಜೀಬ್ರಾ. ಅದರ ಪರವಾನಗಿ ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ, ಪೂರ್ತಿ ಮುಕ್ತವಲ್ಲ. ಶಾಲೆಗೆ ತೊಂದರೆಯಿಲ್ಲ. ರಸಾಯನಕ್ಕೆ ಕಾಲ್ಜಿಯಂ, ಭೂಗೋಳಕ್ಕೆ ಮಾರ್ಬಲ್, ಚಿಕ್ಕ ಮಕ್ಕಳಿಗೆ ಟಕ್ಸ್ ಪೇಂಟ್. ಸ್ಟೆಲ್ಲೇರಿಯಂನಲ್ಲಿ ನಿಮ್ಮೂರಿನ ಅಕ್ಷಾಂಶ ರೇಖಾಂಶ ಕೊಟ್ಟು ಇಂದು ರಾತ್ರಿಯ ಆಕಾಶ ತೋರಿಸಿ, ಮನೆಗೆ ಹೋಗಿ ಅಂಗಳದಲ್ಲಿ ನಿಂತು ತಾಳೆ ನೋಡಲು ಹೇಳಿ. ಇಂಟರ್‌ನೆಟ್ ನೆಚ್ಚಿಕೊಳ್ಳಲಾಗದ ಕಡೆ ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಳ್ಳಬಹುದು. ಪಾಠವಾರು ಸಾಮಗ್ರಿಗೆ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಕೊಯರ್ ನೋಡಿ. ಎಲ್ಲವನ್ನೂ ಒಟ್ಟಿಗೆ ತೋರಿಸಬೇಡಿ. ಒಬ್ಬ ಶಿಕ್ಷಕರಿಗೆ ಒಂದು ಅವಧಿಗೆ ಒಂದು ತಂತ್ರಾಂಶ, ಅದೂ ಅವರು ಆ ವಾರ ಮಾಡುವ ಪಾಠಕ್ಕೆ ಸಂಬಂಧಿಸಿದ್ದು.

ಇಷ್ಟೆಲ್ಲ ಮಾಡಿದವರಿಗೆ ಒಂದು ದಿನ ವರ್ಗಾವಣೆ ಆಗುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬರೆದ ಮೊಹರು ಹಾಕಿದ ಲಕೋಟೆ, ಕ್ಲೋನ್‌ಜಿಲ್ಲಾದ ಪೆನ್‌ಡ್ರೈವ್, ಪ್ರತಿಬಿಂಬ ಇರುವ ಹಾರ್ಡ್‌ಡಿಸ್ಕ್, ಯಾವ ಯಂತ್ರದಲ್ಲಿ ಏನು ಬದಲಿಸಿದ್ದೀರಿ ಎಂಬ ಎರಡು ಪುಟದ ಟಿಪ್ಪಣಿ, ಈ ನಾಲ್ಕೂ ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ, ಚಾರ್ಜ್ ಪಟ್ಟಿಯಲ್ಲಿ ನಮೂದಾಗಲಿ.